ಬೀಟಲ್ಸರ ‘ಬಿಳಿಯ ಆಲ್ಬಮ್’ ಮತ್ತು ಕೋಶಕಾವ್ಯ ವಿಚಾರ

1

ವಿಸ್ತಾರವಾದ ಕೃತಿಯೊಂದು ಕೈಗೆ ಬಂದಾಗ ವಿಮರ್ಶಕನಲ್ಲಿ ಸಹಜವಾಗಿ ಏಳುವ ಪ್ರಶ್ನೆಗಳಲ್ಲಿ ‘ಇದಿಷ್ಟೂ ಬೇಕಾಗಿತ್ತೆ?’ ಎಂಬುದು ಒಂದು. ಕನ್ನಡದಲ್ಲಿ ಈ ಪ್ರಶ್ನೆಗೆ ಕಾವ್ಯಸಂಗ್ರಹಗಳೆಂಬ ಉತ್ತರ ದೊರೆತಿದೆ. ರಾಘವಾಂಕನ ಹರಿಶ್ಚಂದ್ರಕಾವ್ಯವನ್ನು ಟಿ. ಎಸ್. ವೆಂಕಣ್ಣಯ್ಯನವರೂ ಎ. ಆರ್. ಕೃಷ್ಣಶಾಸ್ತ್ರಿಗಳೂ ಸಂಗ್ರಹಿಸಿಕೊಟ್ಟುದು ಅಂತಹ ಉಪಕಾರಗಳಲ್ಲಿ ಮುಖ್ಯವಾದುದು. ಹಳೆಯ ಕಾವ್ಯದ ಗಾತ್ರಕ್ಕೆ ಹೆದರಿ ಹಿಂಜರಿಯುತ್ತಿದ್ದ ವಿದ್ಯಾರ್ಥಿಗೆ ಅಂತಹ ಗ್ರಂಥಗಳು ಬಾಗಿಲನ್ನು ತೆರೆದುವು. ಆದರೆ ಸಂಗ್ರಹದಿಂದ ಇನ್ನೊಂದು ಫಲವೂ ಉಂಟು. ಅದರಲ್ಲಿ ಬಂದುದೇ ಕಾವ್ಯದ ಸಾರ, ಬಿಟ್ಟುದು ಬಿಡತಕ್ಕುದೇ ಎಂಬ ಭಾವನೆ ಓದುವವರಲ್ಲಿ ತಾನಾಗಿ ನೆಲೆಗೊಳ್ಳುತ್ತದೆ. ಸಂಗ್ರಹಕಾರರ ಉದ್ದೇಶ ಅದಲ್ಲ. ಆದರೂ ಸಂಗ್ರಹದ ಸ್ವಭಾವವೇ ಹಾಗೆ.

ಕಥೆಯುಳ್ಳ ಕಾವ್ಯವನ್ನು ಸಂಗ್ರಹಿಸುವವನಿಗೆ ಕಥಾಸೂತ್ರವೆಂಬ ಆಧಾರವಿದೆ. ಯಾವ ಪದ್ಯವನ್ನು ತೆಗೆದರೆ ಕಥೆ ಕಡಿಯುತ್ತದೆ, ಯಾವುದನ್ನು ತೆಗೆದರೆ ಕಡಿಯುವುದಿಲ್ಲ ಎಂಬುದನ್ನು ಅವನು ಕಾಣಬಲ್ಲನು. ಕಥೆಯೇ ಇಲ್ಲದ ಬಿಡಿ ಹಾಡುಗಳ ದೊಡ್ಡ ಕೂಟವೊಂದು ಎದುರಾದಾಗ ಮಾಡತಕ್ಕುದೇನು? ಅಲ್ಲಿ ಯಾವುದನ್ನು ಅಧಿಕವೆನ್ನಬೇಕು, ಯಾವ ಪ್ರಮಾಣದಿಂದ ಎನ್ನಬೇಕು? ಇಪ್ಪತ್ತನೆಯ ಶತಮಾನದಲ್ಲಿ ಈ ಪ್ರಶ್ನೆ ತೀಕ್ಷ್ಣವಾಗಿ ಎದ್ದ ಕ್ಷೇತ್ರಗಳಲ್ಲಿ ಇಂಗ್ಲೆಂಡಿನ ರಾಕ್ ಸಂಗೀತವೂ ಒಂದು. ಬೀಟಲ್ಸ್ ಮೇಳದವರು 1968ರಲ್ಲಿ ಹೊರತಂದ, ಹೊದಿಕೆಯ ಬಣ್ಣದಿಂದ ‘ವೈಟ್ ಆಲ್ಬಮ್’, ಅಂದರೆ ಬಿಳಿಯ ಆಲ್ಬಮ್, ಎಂದೇ ಪ್ರಸಿದ್ಧವಾದ ಜೋಡಿ ಧ್ವನಿಮುದ್ರಿಕೆಯನ್ನು ಕುರಿತು ಐವತ್ತು ವರ್ಷಗಳಿಗೂ ಮೀರಿ ನಡೆದುಬಂದಿರುವ ವಾದ ಬಹುಮಟ್ಟಿಗೆ ಇದೇ ಪ್ರಶ್ನೆಯ ಸುತ್ತ ನಡೆದಿದೆ. ಲಾಕ್ಷಣಿಕರು ಕೋಶವೆಂದು ಕರೆದ ಕಾವ್ಯಪ್ರಕಾರದ ವಿಚಾರವೂ, ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಡೆಯ ಕಾಡುಗೊಲ್ಲರ ಹಾಡಿಕೆಯೂ ಆ ವಾದವನ್ನು ಇತ್ಯರ್ಥಮಾಡಲು ಎಷ್ಟರಮಟ್ಟಿಗೆ ಸಹಾಯಕವೆಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

2

ಮೊದಲು ಕೃತಿಯ ಸ್ವರೂಪವನ್ನು ತಿಳಿಯಬೇಕು. 1948ರಲ್ಲಿ ಬಳಕೆಗೆ ಬಂದ, ನಿಧಾನವಾಗಿ ತಿರುಗುವ ಗ್ರಾಮಫೋನ್ ತಟ್ಟೆಯ ಒಂದೊಂದು ಮುಖದಲ್ಲಿ ಸಾಮಾನ್ಯವಾಗಿ ಇಪ್ಪತ್ತು ನಿಮಿಷಗಳಷ್ಟು, ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚಾಗಿ, ಸಂಗೀತವನ್ನು ತುಂಬಬಹುದಾಗಿತ್ತು. ಹೀಗೆ ಎರಡು ಮುಖಗಳ ಒಂದು ತಟ್ಟೆಯೇ ಹಾಡುಗಳ ಒಂದು ‘ಆಲ್ಬಮ್’ ಎಂಬ ರೂಢಿ ಬೆಳೆಯಿತು. ಎರಡು ತಟ್ಟೆಗಳನ್ನು ಒಂದೇ ಹೊದಿಕೆಯಲ್ಲಿಟ್ಟು ಒಂದೇ ಕೃತಿಯೆಂದು ಹೊರತರುವುದು ರಾಕ್ ಸಂಗೀತದಲ್ಲಿ 1966ರಲ್ಲಿ ಬಾಬ್ ಡಿಲನ್ನನ ‘ಬ್ಲಾಂಡ್ ಆನ್ ಬ್ಲಾಂಡ್’ ಮುಂತಾದವುಗಳಿಂದ ಗಣನೆಗೆ ಬಂದಿತು. ಬೀಟಲ್ಸರ ಜೋಡಿ ತಟ್ಟೆ ಇಂಗ್ಲೆಂಡಿನಲ್ಲಿ 1968ರ ನವೆಂಬರ್ 22ರಂದು ಪ್ರಕಟವಾಯಿತು. ಅದರ ನಿಜವಾದ ಹೆಸರು ‘ದ ಬೀಟಲ್ಸ್’ ಎಂದಷ್ಟೆ. ಚಿತ್ರಕಾರ ರಿಚರ್ಡ್ ಹ್ಯಾಮಿಲ್ಟನ್ನನು ರಚಿಸಿದ ಹೊದಿಕೆ ಅಚ್ಚ ಬಿಳಿ. ಉಬ್ಬಿಸಿದ ಹೆಸರೂ ಪ್ರತಿಯ ಕ್ರಮಸಂಖ್ಯೆಯೂ ಹೊರತು ಅದರ ಮೇಲೆ ಬೇರೇನೂ ಇಲ್ಲ. ಒಳಗೆ ನಾಲ್ಕು ಮುಖಗಳಲ್ಲಿ 30 ಹಾಡುಗಳು. ಒಟ್ಟು ಸುಮಾರು 93 ನಿಮಿಷಗಳು.

ಈ ಹಾಡುಗಳಲ್ಲಿ ಬಹುಭಾಗ ಹುಟ್ಟಿದುದು ಭರತಖಂಡದಲ್ಲಿ. 1968ರ ಫೆಬ್ರವರಿಯಲ್ಲಿ ಮೇಳದ ನಾಲ್ವರೂ ಹೃಷೀಕೇಶದಲ್ಲಿ ಮಹರ್ಷಿ ಮಹೇಶ ಯೋಗಿಗಳ ಆಶ್ರಮಕ್ಕೆ ಬಂದರು. ರಿಂಗೊ ಸ್ಟಾರ್ ಹತ್ತು ದಿನಗಳಲ್ಲಿ ಮರಳಿದನು. ಪಾಲ್ ಮೆಕಾರ್ಟ್ನಿ ಒಂದು ತಿಂಗಳಿನ ಮೇಲೆ ಹೊರಟನು. ಜಾನ್ ಲೆನನ್ನನೂ ಜಾರ್ಜ್ ಹ್ಯಾರಿಸನ್ನನೂ ಏಪ್ರಿಲ್‌ವರೆಗೆ ಅಲ್ಲಿದ್ದರು. ಧ್ಯಾನಕ್ಕೆಂದು ಬಂದವರಿಗೆ ಬಿಡುವು ದೊರೆಯಿತು. ಬಿಡುವಿನಿಂದ ಹಾಡುಗಳು ಹುಟ್ಟಿದುವು. ಗುಡಾರದಂತೆ ಮುಚ್ಚಿಕೊಂಡ ಕೋಣೆಯಿಂದ ಹೊರಬಾರದೆ ಧ್ಯಾನದಲ್ಲಿದ್ದ ಸಾಧಕಿಯೊಬ್ಬಳನ್ನು ಹೊರಗೆ ಕರೆಯುವುದಕ್ಕಾಗಿ ‘ಡಿಯರ್ ಪ್ರೂಡೆನ್ಸ್’ ಹುಟ್ಟಿತು. ಜೊತೆಯಲ್ಲಿದ್ದ ಡೊನೊವನ್ ಎಂಬ ಗಾಯಕನು ಗಿಟಾರಿನ ತಂತಿಗಳನ್ನು ಬೆರಳುಗಳಿಂದ ಮೀಟುವ ಕ್ರಮವೊಂದನ್ನು ಲೆನನ್ನನಿಗೆ ಕಲಿಸಿದನು. ಗಮನಿಸತಕ್ಕ ಅಂಶವೇನೆಂದರೆ, ಹಿಂದಿನ ಕೃತಿಗಳಲ್ಲಿ ಎದ್ದುಕಾಣುತ್ತಿದ್ದ ಸಿತಾರು ಮೊದಲಾದ ಭಾರತೀಯ ವಾದ್ಯಗಳು ಭಾರತದಲ್ಲೇ ಹುಟ್ಟಿದ ಈ ಹಾಡುಗಳಲ್ಲಿ ಮುಂದಾಗಿ ಕೇಳಿಸುವುದಿಲ್ಲ. ಆ ವಾಸದ ಪ್ರಭಾವವನ್ನು ನಾದದಲ್ಲಿ ಹುಡುಕುವುದು ಸಲ್ಲ. ಸಂಖ್ಯೆಯಲ್ಲಿಯೂ ಬಿಡಿಬಿಡಿಯಾದ ಸ್ವಭಾವದಲ್ಲಿಯೂ ಹುಡುಕಬೇಕು. ಒಬ್ಬೊಬ್ಬನೂ ಒಂದೊಂದು ಗಿಟಾರನ್ನು ಹಿಡಿದು ತನ್ನಷ್ಟಕ್ಕೆ ಕಟ್ಟಿದ ಹಾಡುಗಳವು.

ಮೇ 30ರಿಂದ ಅಕ್ಟೋಬರ್ ನಡುವಿನವರೆಗೆ ಲಂಡನ್ನಿನಲ್ಲಿ ಧ್ವನಿಮುದ್ರಣ ನಡೆಯಿತು. ಮೇಳದಲ್ಲಿ ವೈಮನಸ್ಯವಿತ್ತು, ರಿಂಗೊ ಆಗಸ್ಟಿನಲ್ಲಿ ಎರಡು ವಾರ ಬಿಟ್ಟುಹೋಗಿದ್ದನು. ನಿರ್ಮಾಪಕನಾದ ಜಾರ್ಜ್ ಮಾರ್ಟಿನ್ನನು ಹಾಡುಗಳನ್ನು ಆರಿಸಿ ಉತ್ತಮವಾದ ಒಂದೇ ತಟ್ಟೆಯನ್ನು ಮಾಡುವುದು ಲೇಸೆಂದು ಅಭಿಪ್ರಾಯಪಟ್ಟನು. ಅದು ನಡೆಯಲಿಲ್ಲ. ಅಕ್ಟೋಬರ್ 16 ಮತ್ತು 17ರಂದು, ಸುಮಾರು ಒಂದು ಹಗಲು ಒಂದು ರಾತ್ರಿ ಎಡೆಬಿಡದೆ ಕುಳಿತು, ಲೆನನ್, ಮೆಕಾರ್ಟ್ನಿ, ಮಾರ್ಟಿನ್ ಮೂವರೂ ಹಾಡುಗಳ ಅನುಕ್ರಮವನ್ನು ನಿಶ್ಚಯಿಸಿದರು. ಮುಂದಿನ ವಿಮರ್ಶೆಯಲ್ಲಿ ಬಹಳ ಮಂದಿ ಮಾರ್ಟಿನ್ನನ ಅಭಿಪ್ರಾಯವನ್ನು ನೆನೆದಿದ್ದಾರೆ. ಅನುಕ್ರಮಕ್ಕಾಗಿ ವೆಚ್ಚಮಾಡಿದ ಆ ದೀರ್ಘ ಶ್ರಮಕ್ಕೆ ಅಷ್ಟು ಬೆಲೆಯನ್ನು ಕೊಟ್ಟಿಲ್ಲ. ವಿವಾದದ ಮೂಲ ಇಲ್ಲಿಯೇ ಇದೆ.

3

ಕೃತಿ ಹೊರಬಿದ್ದ ಕೂಡಲೆ ಬಂದ ಅಭಿಪ್ರಾಯಗಳು ಪರಸ್ಪರ ವಿರುದ್ಧವಾಗಿದ್ದುವು. ಲಂಡನ್ನಿನ ‘ಅಬ್ಸರ್ವರ್’ ಪತ್ರಿಕೆಯಲ್ಲಿ ಟೋನಿ ಪಾಮರ್ ಎಂಬಾತನು ಲೆನನ್-ಮೆಕಾರ್ಟ್ನಿಯರನ್ನು ಶೂಬರ್ಟನ ತರುವಾಯದ ಗೀತಕಾರರಲ್ಲಿ ಶ್ರೇಷ್ಠರೆಂದು ಹೊಗಳಿದನು. ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆಯ ಜಾನ್ ವೆನ್ನರನಿಗೆ ಇದು ಪಾಶ್ಚಾತ್ಯ ಸಂಗೀತದ ಇತಿಹಾಸವನ್ನೇ ಒಟ್ಟುಗೂಡಿಸಿದಂತೆ ತೋರಿತು. ‘ಟೈಮ್ಸ್’ ಪತ್ರಿಕೆಯ ಸಂಗೀತ ವಿಮರ್ಶಕನಾದ ವಿಲಿಯಂ ಮ್ಯಾನನು ಇದನ್ನು ಆ ವರ್ಷದ ಮುಖ್ಯ ಸಂಗೀತಸಂಗತಿಯೆಂದು ಒಪ್ಪಿಯೂ, ಇತರ ಶೈಲಿಗಳ ಅನುಕರಣವೂ ತಮ್ಮತಮ್ಮೊಳಗಿನ ಪರಿಹಾಸವೂ ಮಿತಿಮೀರಿವೆಯೆಂದೂ ಗೀತರಚನೆಯಲ್ಲಿ ಮುಂದಿನ ಹೆಜ್ಜೆ ಕಾಣುವುದಿಲ್ಲವೆಂದೂ ದೂರಿದನು. ‘ಟೈಮ್’ ವಾರಪತ್ರಿಕೆಗೆ ಕೌಶಲ ಕಂಡಿತು. ರುಚಿಯೂ ಉದ್ದೇಶವೂ ಸಾಲದೆ ಹೋದುವು.

ಇವೆಲ್ಲಕ್ಕಿಂತ ವಿಚಿತ್ರವಾದುದು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಪ್ರಸಂಗ. 1968ರ ಡಿಸೆಂಬರ್ 8ರ ಸಂಚಿಕೆಯಲ್ಲಿ ರಿಚರ್ಡ್ ಗೋಲ್ಡ್‌ಸ್ಟೈನನು ಇದನ್ನು ದೊಡ್ಡ ಯಶಸ್ಸೆಂದು ಕೊಂಡಾಡಿ, ಯಂತ್ರಚಮತ್ಕಾರವನ್ನು ಕಡಮೆಮಾಡಿ ಗೀತರಚನೆಗೆ ಮರಳಿದುದೇ ಇದರ ಗುಣವೆಂದನು. ಅದೇ ಪತ್ರಿಕೆಯ ಡಿಸೆಂಬರ್ 15ರ ಸಂಚಿಕೆಯಲ್ಲಿ ನಿಕ್ ಕೋನನು ಇದು ಸಹಿಸಲಾಗದಷ್ಟು ಬೇಸರ ತರುವುದೆಂದೂ ಅರ್ಧಕ್ಕಿಂತ ಹೆಚ್ಚು ಹಾಡುಗಳು ತೀರ ಸಾಧಾರಣವೆಂದೂ ಬರೆದನು. ಒಂದೇ ಪತ್ರಿಕೆಯಲ್ಲಿ ಒಂದೇ ವಾರದ ಅಂತರದಲ್ಲಿ ಇಬ್ಬರು ಸಮರ್ಥರಿಗೆ ಇಷ್ಟು ಭಿನ್ನವಾದ ತೀರ್ಪು ತೋಚಿದರೆ ಅದನ್ನು ಕೇವಲ ರುಚಿಭೇದವೆಂದು ತಳ್ಳಿಬಿಡಲಾಗದು. 1971ರಲ್ಲಿ ರಾಬರ್ಟ್ ಕ್ರಿಸ್ಟ್‌ಗೌ ಎಂಬ ವಿಮರ್ಶಕನು ಇದು ಆ ಮೇಳದ ಕೃತಿಗಳಲ್ಲೆಲ್ಲ ಅತ್ಯಂತ ಸಮವಾದುದೂ ಹೌದು, ಬಹುಶಃ ಅತ್ಯಂತ ಕೀಳಾದುದೂ ಹೌದು ಎಂಬರ್ಥದ ಮಾತನ್ನು ಆಡಿದನು. ಉಳಿದವರಿಗೆ ಚೆದರಿದಂತೆ ಕಂಡುದು ಅವನಿಗೆ ಸಮವಾಗಿ ಕಂಡಿತು!

ಕಾಲಕ್ರಮದಲ್ಲಿ ಕೃತಿಯ ಮನ್ನಣೆ ಹೆಚ್ಚಿತು. ‘ರೋಲಿಂಗ್ ಸ್ಟೋನ್’ 2003ರಲ್ಲಿ ಸಿದ್ಧಪಡಿಸಿದ 500 ಶ್ರೇಷ್ಠ ಆಲ್ಬಮ್‌ಗಳ ಪಟ್ಟಿಯಲ್ಲಿ ಇದಕ್ಕೆ 10ನೆಯ ಸ್ಥಾನವೂ, 2020ರ ಪಟ್ಟಿಯಲ್ಲಿ 29ನೆಯ ಸ್ಥಾನವೂ ದೊರೆತುವು. ಆದರೂ ಮೂಲ ಪ್ರಶ್ನೆ ತೀರಲಿಲ್ಲ. ರಸಿಕರು ತಮತಮಗೆ ತೋಚಿದಂತೆ ಹದಿನಾಲ್ಕೋ ಹದಿನೈದೋ ಹಾಡುಗಳನ್ನು ಆರಿಸಿ ಒಂದೇ ತಟ್ಟೆಯ ಪಟ್ಟಿಯನ್ನು ಮಾಡುವುದು ಒಂದು ವಿನೋದವೇ ಆಗಿಹೋಗಿದೆ. ಹೀಗೆ ಮಾಡಿದ ಎರಡು ಪಟ್ಟಿಗಳು ಒಂದಕ್ಕೊಂದು ಪೂರ್ಣವಾಗಿ ಹೊಂದುವುದು ಅಪರೂಪ. ಎಲ್ಲರೂ ಅರ್ಧ ಹೆಚ್ಚೆನ್ನುತ್ತಾರೆ. ಯಾವ ಅರ್ಧವೆಂಬಲ್ಲಿ ಒಮ್ಮತವಿಲ್ಲ. ಕೃತಿಯ ದೋಷವೆಂದು ಹೇಳಿದುದು ನಿಜವಾಗಿಯೂ ಕೃತಿಯಲ್ಲಿಯೇ ಇದ್ದಿದ್ದರೆ ಅದನ್ನು ಬೆರಳಿಟ್ಟು ತೋರಿಸುವುದರಲ್ಲಿ ಇಷ್ಟು ಭಿನ್ನತೆ ಇರುತ್ತಿರಲಿಲ್ಲ.

4

ವಿರೋಧಕ್ಕೆ ಕಾರಣವನ್ನು ಕೃತಿಯ ಹಿಂದಿನ ವರ್ಷದಲ್ಲಿ ಹುಡುಕಬೇಕು. 1967ರಲ್ಲಿ ಇದೇ ಮೇಳದವರ ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ ಹೊರಬಂದಿತು. ಕಲ್ಪಿತವಾದ ಒಂದು ವಾದ್ಯಮೇಳದ ಪ್ರದರ್ಶನವೆಂಬ ಆವರಣದೊಳಗೆ ಹಾಡುಗಳನ್ನು ಜೋಡಿಸಿದ್ದ ಆ ಕೃತಿಯನ್ನು ವಿಮರ್ಶಕರು ಅಖಂಡವಾದ ಏಕಕೃತಿಯೆಂದು ಸ್ವೀಕರಿಸಿದರು. ಆ ಮೇಲೆ ಆಲ್ಬಮ್ ಎಂದರೆ ಒಂದು ಪ್ರಬಂಧ, ಅದಕ್ಕೊಂದು ಏಕವಾಕ್ಯತೆ ಇರಬೇಕು ಎಂಬ ನಿರೀಕ್ಷೆ ಬೇರೂರಿತು. ಬಿಳಿಯ ಆಲ್ಬಮ್ ಈ ನಿರೀಕ್ಷೆಯ ಮುಂದೆ ಬಂದು ನಿಂತಿತು. ಕೋನನು ಪ್ರಬಂಧವನ್ನು ಹುಡುಕಿ ಕಾಣದೆ ಬೇಸತ್ತನು. ವೆನ್ನರನು ಪ್ರಬಂಧವನ್ನು ಹುಡುಕಿ, ಇಡೀ ಸಂಗೀತಚರಿತ್ರೆಯೇ ಇದರ ವಸ್ತುವೆಂದು ಒಂದು ಸೂತ್ರವನ್ನು ಕಲ್ಪಿಸಿಕೊಂಡು ತೃಪ್ತನಾದನು. ತೀರ್ಪು ಬೇರೆಯಾದರೂ ಇಬ್ಬರ ಅಳತೆಗೋಲು ಒಂದೇ.

ಭಾರತೀಯ ಕಾವ್ಯಮೀಮಾಂಸೆಯಲ್ಲಿ ಬೇರೊಂದು ಅಳತೆಗೋಲು ಉಂಟು. ದಂಡಿಯು ಕಾವ್ಯಾದರ್ಶದಲ್ಲಿ ಮುಕ್ತಕ, ಕುಲಕ, ಕೋಶ, ಸಂಘಾತಗಳನ್ನು ಹೆಸರಿಸಿ, ಅವು ಸರ್ಗಬಂಧದ ಅಂಗಗಳಾದುದರಿಂದ ಬೇರೆಯಾಗಿ ವಿಸ್ತರಿಸಲಿಲ್ಲವೆನ್ನುತ್ತಾನೆ. ಸಾಹಿತ್ಯದರ್ಪಣದ ಕರ್ತೃವಾದ ವಿಶ್ವನಾಥನು ಕೋಶದ ಲಕ್ಷಣವನ್ನು ಸ್ಪಷ್ಟಪಡಿಸುತ್ತಾನೆ: ಒಂದನ್ನೊಂದು ಅಪೇಕ್ಷಿಸದ ಪದ್ಯಗಳ ಸಮೂಹವೇ ಕೋಶ, ಅದು ವ್ರಜ್ಯಾಕ್ರಮದಲ್ಲಿ, ಎಂದರೆ ಸಜಾತೀಯವಾದವು ಒಂದೆಡೆ ಸೇರುವಂತೆ, ರಚಿತವಾದರೆ ಅತಿಮನೋಹರ. ಕನ್ನಡದಲ್ಲಿ ಇದಕ್ಕೆ ಪ್ರಸಿದ್ಧವಾದ ಉದಾಹರಣೆ ಹದಿಮೂರನೆಯ ಶತಮಾನದ ಮಲ್ಲಿಕಾರ್ಜುನನ ಸೂಕ್ತಿಸುಧಾರ್ಣವ. ನಾನಾ ಕವಿಗಳ ಪದ್ಯಗಳನ್ನು ಸಮುದ್ರ, ಪರ್ವತ, ಪುರ, ಋತು, ಚಂದ್ರೋದಯ ಮೊದಲಾದ ವರ್ಣನೆಗಳ ಕ್ರಮದಲ್ಲಿ ಅವನು ಜೋಡಿಸಿದ್ದಾನೆ. ಅಲ್ಲಿ ಕಥೆಯನ್ನು ಹುಡುಕಿ ಬೇಸರಪಡುವವನು ಗ್ರಂಥವನ್ನು ತಪ್ಪಾಗಿ ಹಿಡಿದವನೇ ಸರಿ.

ಬಿಳಿಯ ಆಲ್ಬಮಿನ ಅನುಕ್ರಮವನ್ನು ಈ ದೃಷ್ಟಿಯಿಂದ ನೋಡಿದರೆ ಅಚ್ಚರಿಯಾಗುತ್ತದೆ. ಎರಡನೆಯ ಮುಖದಲ್ಲಿ ‘ಬ್ಲ್ಯಾಕ್‌ಬರ್ಡ್’, ‘ಪಿಗ್ಗೀಸ್’, ‘ರಾಕಿ ರಕೂನ್’ ಎಂಬ ಮೂರು ಹಾಡುಗಳು ಒಂದರ ಬೆನ್ನಿಗೆ ಒಂದು ನಿಂತಿವೆ. ಮೂರರ ಹೆಸರಿನಲ್ಲಿಯೂ ಒಂದು ಪ್ರಾಣಿ ಇದೆ. ಪಕ್ಷಿ, ಹಂದಿ, ರಕೂನುಗಳಿಗೆ ಅರ್ಥದಲ್ಲಿ ಯಾವ ಸಂಬಂಧವೂ ಇಲ್ಲ. ಬೇಕೆಂದೇ ಒಂದೆಡೆ ಸೇರಿಸಿದ್ದಾರೆ. ಇದು ಶುದ್ಧವಾದ ವ್ರಜ್ಯೆ. ಹ್ಯಾರಿಸನ್ನನ ನಾಲ್ಕು ಹಾಡುಗಳನ್ನು ಮುಖಕ್ಕೊಂದರಂತೆ ಹಂಚಲಾಗಿದೆ. ಕರ್ತೃಗಳೂ ಒಬ್ಬರಲ್ಲ, ರಿಂಗೊ ತಾನೊಬ್ಬನೇ ರಚಿಸಿದ ಮೊದಲ ಹಾಡೂ ಇದರಲ್ಲಿದೆ. ಹೀಗೆ ಕರ್ತೃಬಹುತ್ವ, ಪರಸ್ಪರ ನಿರಪೇಕ್ಷತೆ, ವರ್ಗೀಕರಣ ಎಂಬ ಕೋಶದ ಲಕ್ಷಣಗಳೆಲ್ಲ ಇಲ್ಲಿ ಕೂಡಿಬಂದಿವೆ. ಲಂಡನ್ನಿನವರು ವಿಶ್ವನಾಥನನ್ನು ಓದಿದ್ದರೆಂದು ಇದರ ಅರ್ಥವಲ್ಲ. ಬಿಡಿ ಪದ್ಯಗಳನ್ನು ಕೂಡಿಸುವವನಿಗೆ ಎಲ್ಲಿಯಾದರೂ ತೋರುವ ದಾರಿಗಳು ಕೆಲವೇ. ಲಾಕ್ಷಣಿಕರು ಅವುಗಳಿಗೆ ಹೆಸರಿಟ್ಟಿದ್ದಾರೆ, ಅಷ್ಟೆ.

5

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಬಲವಾದುದು. ಕೋಶದ ಪದ್ಯಗಳು ಒಂದನ್ನೊಂದು ಅಪೇಕ್ಷಿಸುವುದಿಲ್ಲವಾದರೆ, ಅವುಗಳಲ್ಲಿ ಅರ್ಧವನ್ನು ತೆಗೆದರೂ ಉಳಿದ ಅರ್ಧಕ್ಕೆ ಹಾನಿಯಿಲ್ಲ. ಆದಕಾರಣ ಇದನ್ನು ಕೋಶವೆಂದು ಒಪ್ಪಿದವನು ಮಾರ್ಟಿನ್ನನ ಮತವನ್ನೂ ಒಪ್ಪಬೇಕಾಗುತ್ತದೆ. ಪ್ರಬಂಧವಾದರೆ ಕಡಿಯಲಾಗದು, ಕೋಶವಾದರೆ ಕಡಿಯುವುದಕ್ಕೆ ಅಡ್ಡಿಯೇನು?

ಇದಕ್ಕೆ ಸಮಾಧಾನ ವಿಶ್ವನಾಥನ ಮಾತಿನಲ್ಲಿಯೇ ಅಡಗಿದೆ. ಪದ್ಯಗಳು ಅರ್ಥಕ್ಕಾಗಿ ಒಂದನ್ನೊಂದು ಅಪೇಕ್ಷಿಸದಿದ್ದರೂ ಕ್ರಮದಿಂದ ಮನೋಹರತೆ ಹೆಚ್ಚುತ್ತದೆಂದು ಅವನು ಒಪ್ಪಿದ್ದಾನೆ. ಎಂದರೆ ಸಾನ್ನಿಧ್ಯಕ್ಕೆ ಸ್ವತಂತ್ರವಾದ ಒಂದು ಶಕ್ತಿಯುಂಟು. ಅದು ಹಾಡಿನೊಳಗೆ ಇರುವುದಿಲ್ಲ. ಎರಡು ಹಾಡುಗಳ ಸಂಧಿಯಲ್ಲಿ ಹುಟ್ಟುತ್ತದೆ. ಈ ಆಲ್ಬಮಿನ ಕೆಲವು ಸಂಧಿಗಳನ್ನು ಪರೀಕ್ಷಿಸಿದರೆ ಮಾತು ದೃಢಪಡುತ್ತದೆ.

ಮೂರನೆಯ ಮುಖದ ಕೊನೆಯಲ್ಲಿ ‘ಹೆಲ್ಟರ್ ಸ್ಕೆಲ್ಟರ್’ ಎಂಬ ಹಾಡಿದೆ. ಅದು ಕೂಗು, ಕರ್ಕಶವಾದ ಗಿಟಾರು, ಡೋಲಿನ ಹೊಡೆತಗಳ ಉದ್ದಾಮ ಗಲಭೆ. ಮುಗಿಯಿತೆನ್ನುವಷ್ಟರಲ್ಲಿ ಮತ್ತೆ ಏಳುತ್ತದೆ. ಕೊನೆಗೆ ಡೋಲು ಬಾರಿಸಿದವನು ಬೆರಳು ಬೊಬ್ಬೆಯೆದ್ದಿತೆಂದು ಅರಚುವುದು ಕೇಳುತ್ತದೆ. ಅದರ ಬೆನ್ನಿಗೆ ಹ್ಯಾರಿಸನ್ನನ ‘ಲಾಂಗ್, ಲಾಂಗ್, ಲಾಂಗ್’ ಬರುತ್ತದೆ. ಅದು ಕಿವಿಗೊಟ್ಟು ಕೇಳಬೇಕಾದಷ್ಟು ಮೆಲ್ಲನೆಯ ದನಿ. ಬಹುಕಾಲ ಕಳೆದುಕೊಂಡುದನ್ನು ಮರಳಿ ಪಡೆದವನ ಭಕ್ತಿ. ಈ ಎರಡನ್ನು ಬೇರೆ ಬೇರೆಯಾಗಿ ಕೇಳಿದರೆ ಒಂದು ಅತಿಯೆನಿಸುತ್ತದೆ, ಇನ್ನೊಂದು ತೀರ ಸಣ್ಣದೆನಿಸುತ್ತದೆ. ಒಟ್ಟಿಗೆ ಕೇಳಿದಾಗ ಗಲಭೆಯಿಂದ ಬಳಲಿದ ಕಿವಿಯೇ ಮೌನಕ್ಕೆ ಅರ್ಹವಾಗುತ್ತದೆ. ನಾಲ್ಕನೆಯ ಮುಖದಲ್ಲಿಯೂ ಹೀಗೆಯೇ. ‘ರೆವೊಲ್ಯೂಷನ್ 9’ ಎಂಬುದು ಎಂಟು ನಿಮಿಷಗಳಿಗೂ ಮಿಕ್ಕಿದ ಶಬ್ದಸಂಕರ; ಕತ್ತರಿಸಿ ಜೋಡಿಸಿದ ಮಾತು, ವಾದ್ಯ, ಜನಸಮೂಹದ ಕೂಗು. ಇದನ್ನು ಹಾಡೆನ್ನಲು ಮನಸ್ಸೊಪ್ಪದ ವಿಮರ್ಶಕರು ಆಗಲೂ ಇದ್ದರು, ಈಗಲೂ ಇದ್ದಾರೆ. ಸಂಗ್ರಹಕಾರರ ಕತ್ತರಿ ಮೊದಲು ಬೀಳುವುದು ಇದರ ಮೇಲೆಯೇ. ಅದರ ಬಳಿಕ ಲೆನನ್ನನು ತನ್ನ ಮಗನಿಗಾಗಿ ಕಟ್ಟಿ ರಿಂಗೊವಿನಿಂದ ಹಾಡಿಸಿದ ‘ಗುಡ್ ನೈಟ್’ ಎಂಬ ಜೋಗುಳ ಬರುತ್ತದೆ. ಆ ಜೋಗುಳವನ್ನು ಮಾತ್ರ ಉಳಿಸಿದರೆ ಅದು ಸಕ್ಕರೆ ಹೆಚ್ಚಾದ ಪಾಯಸ. ದುಃಸ್ವಪ್ನದಂತಹ ಎಂಟು ನಿಮಿಷಗಳ ಮೇಲೆ ಬಂದಾಗ, ಬೆಚ್ಚಿ ಎದ್ದ ಮಗುವಿನ ಬೆನ್ನನ್ನು ತಟ್ಟುವ ಕೈಯಾಗುತ್ತದೆ.

ನಾಲ್ಕು ಮುಖಗಳ ಅಂತ್ಯಗಳನ್ನೂ ಗಮನಿಸಬೇಕು. ಎರಡನೆಯದು ‘ಜೂಲಿಯಾ’ದಿಂದ ಮುಗಿಯುತ್ತದೆ, ತೀರಿಕೊಂಡ ತಾಯಿಯನ್ನು ಕುರಿತು ಲೆನನ್ನನು ಒಬ್ಬನೇ ಗಿಟಾರನ್ನು ಹಿಡಿದು ಹಾಡಿದ ಹಾಡು ಅದು. ಮೂರನೆಯದೂ ನಾಲ್ಕನೆಯದೂ ಮೇಲೆ ಹೇಳಿದಂತೆ ಮೌನದ ಕಡೆಗೇ ಸಾಗುತ್ತವೆ. ತಟ್ಟೆಯನ್ನು ತಿರುವಿಹಾಕಲು ಕೇಳುಗನು ಏಳಬೇಕಾದ ಆ ಬಿಡುವು ರಚನೆಯ ಒಂದು ಅಂಗವೇ ಆಗಿತ್ತು. 1987ರಲ್ಲಿ ಸಿ.ಡಿ. ರೂಪದಲ್ಲಿ ಬಂದಾಗ ಪ್ರತಿಯೊಂದು ಸಿ.ಡಿ.ಯ ನಡುವಣ ಬಿಡುವು ಅಳಿಯಿತು. ಅಂದಿನಿಂದ ಕೇಳಿದವರಿಗೆ ಕೃತಿ ಇನ್ನೂ ಉದ್ದವಾಗಿ ತೋರಿದರೆ ಆಶ್ಚರ್ಯವಿಲ್ಲ.

ಹಾಗೆಂದು ಕೋಶವೆಂಬ ಹೆಸರು ಎಲ್ಲಕ್ಕೂ ರಕ್ಷೆಯಾಗಲಾರದು. ಒಂದು ನಿಮಿಷವೂ ಇಲ್ಲದ ‘ವೈಲ್ಡ್ ಹನಿ ಪೈ’ ಮುಕ್ತಕವಾಗಿಯೂ ನಿಲ್ಲದು, ಸಂಧಿಯಾಗಿಯೂ ಏನನ್ನೂ ಸಾಧಿಸದು. ಹಳೆಯ ನಾಟಕಶಾಲೆಗಳ ಹಾಡಿನ ಧಾಟಿಯಲ್ಲಿರುವ ‘ಹನಿ ಪೈ’ಯ ವಿಷಯದಲ್ಲಿ ಮ್ಯಾನನ ಅನುಕರಣದ ಆಕ್ಷೇಪ ಸರಿಯಾಗಿಯೇ ನಾಟುತ್ತದೆ, ಅದು ಒಂದೊಂದು ಹಾಡನ್ನೂ ಮುಕ್ತಕವಾಗಿ ಪರೀಕ್ಷಿಸಿ ಮಾಡಿದ ಆಕ್ಷೇಪವಾದ್ದರಿಂದ ಕೋಶವಾದದಿಂದ ಪರಿಹಾರವಾಗುವುದಿಲ್ಲ. ದೋಷ ದೋಷವೇ. ಆದರೆ ಎರಡು ಮೂರು ಹಾಡುಗಳ ದೋಷವನ್ನು ತೋರಿಸುವುದು ಬೇರೆ, ಹದಿನೈದು ಹಾಡುಗಳನ್ನು ತೆಗೆದುಹಾಕತಕ್ಕುದೆನ್ನುವುದು ಬೇರೆ.

6

ಸಾನ್ನಿಧ್ಯಕ್ಕೆ ಬೆಲೆಯಿದೆಯೆಂದರೂ ಯಾರೂ ಎಂದಿಗೂ ಆರಿಸಿ ಕೇಳಕೂಡದೆಂದು ವಿಧಿಸಬೇಕೆ? ಈ ಪ್ರಶ್ನೆಗೆ ಗ್ರಂಥಸ್ಥವಾದ ಕಾವ್ಯಕ್ಕಿಂತ ಹಾಡುವ ಕಾವ್ಯವೇ ಉತ್ತಮವಾದ ಉತ್ತರವನ್ನು ಕೊಡಬಲ್ಲುದು. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಡೆಯದು ಕುರುಚಲು ಕಾಡು; ಚಿಂಕಾರ ಹುಲ್ಲೆಗಳ ರಕ್ಷಣೆಗಾಗಿ 2019ರಲ್ಲಿ ಅದರ ಒಂದು ಭಾಗವನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಆ ಸೀಮೆಯಲ್ಲಿಯೂ ನೆರೆಯ ಚಿತ್ರದುರ್ಗ ಜಿಲ್ಲೆಯಲ್ಲಿಯೂ ಹಟ್ಟಿಗಳನ್ನು ಕಟ್ಟಿಕೊಂಡಿರುವ ಕಾಡುಗೊಲ್ಲರಿಗೆ ಜುಂಜಪ್ಪನು ಆರಾಧ್ಯನಾದ ವೀರ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ಅವರ ಪವಿತ್ರಸ್ಥಾನ. ಜುಂಜಪ್ಪನ ಹುಟ್ಟು, ದನಗಳನ್ನು ಮೇಯಿಸಿಕೊಂಡು ಅಲೆದುದು, ಸೋದರಮಾವಂದಿರ ಹಗೆ, ಅವನ ಸಾವು, ಇವೆಲ್ಲವನ್ನೂ ಒಳಗೊಂಡ ಕಾವ್ಯವನ್ನು ಗಣೆಯೆಂಬ ಉದ್ದನೆಯ ಬಿದಿರಿನ ಕೊಳಲಿನೊಡನೆ ಹಾಡುತ್ತಾರೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಈ ಕಾವ್ಯವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದೆ.

ಜುಂಜಪ್ಪನ ಕಾವ್ಯ ಕೋಶವಲ್ಲ, ಅದಕ್ಕೆ ಕಥೆಯಿದೆ. ಆದಕಾರಣ ಎರಡನ್ನೂ ಸರಿಹಚ್ಚುವುದು ಇಲ್ಲಿಯ ಉದ್ದೇಶವಲ್ಲ. ಆದರೆ ಹಾಡಿಕೆಯ ಪದ್ಧತಿಯಿಂದ ತಿಳಿಯತಕ್ಕುದೊಂದು ಉಂಟು. ಇಂತಹ ಹಾಡುಗಾವ್ಯಗಳನ್ನು ಪ್ರತಿ ಸಲವೂ ಆದ್ಯಂತವಾಗಿ ಹಾಡುವುದಿಲ್ಲ. ಹೊತ್ತು, ಸಂದರ್ಭ, ಕೇಳುವವರ ಬಯಕೆಗಳನ್ನು ನೋಡಿ ಹಾಡುಗಾರನು ಒಂದು ಭಾಗವನ್ನು ಹಿಗ್ಗಿಸುತ್ತಾನೆ, ಇನ್ನೊಂದನ್ನು ಕುಗ್ಗಿಸುತ್ತಾನೆ, ಮತ್ತೊಂದನ್ನು ಬಿಡುತ್ತಾನೆ. ಆಯ್ಕೆ ಅಲ್ಲಿಯೂ ಇದೆ. ಆದರೆ ಆ ಆಯ್ಕೆ ಆ ರಾತ್ರಿಯ ಮಟ್ಟಿಗೆ. ಬಿಟ್ಟ ಭಾಗ ಹಾಡುಗಾರನ ನೆನಪಿನಲ್ಲಿಯೂ ಹಟ್ಟಿಯ ಹಿರಿಯರ ನೆನಪಿನಲ್ಲಿಯೂ ಉಳಿದೇ ಇರುತ್ತದೆ. ಇನ್ನೊಂದು ರಾತ್ರಿ ಅದೇ ಮುಖ್ಯವಾಗಬಹುದು. ಇಂದು ಬಿಟ್ಟುದನ್ನು ‘ಕಾವ್ಯಕ್ಕೆ ಬೇಡವಾದುದು’ ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ಸಮಗ್ರ ಕಾವ್ಯ ಎಲ್ಲರ ಸೊತ್ತು. ಆಯ್ಕೆ ಆ ಹೊತ್ತಿನ ಕೇಳುಗರದು.

ಬಿಳಿಯ ಆಲ್ಬಮನ್ನು ಕುರಿತ ವಾದದಲ್ಲಿ ಕಲಸಿಹೋಗಿರುವುದು ಈ ಎರಡು ಹಕ್ಕುಗಳೇ. ಕೇಳುಗನೊಬ್ಬನು ಮೂರನೆಯ ಮುಖವನ್ನು ಮಾತ್ರ ಹಾಕಿ ಕೇಳಿದರೆ, ಅಥವಾ ತನಗೆ ಮೆಚ್ಚಾದ ಹತ್ತು ಹಾಡುಗಳನ್ನು ಬೇರೆಯಾಗಿ ಪಟ್ಟಿಮಾಡಿಕೊಂಡರೆ ಕೃತಿಗೆ ಅನ್ಯಾಯವೇನೂ ಇಲ್ಲ; ನಾಳೆ ಅವನ ಪಟ್ಟಿ ಬದಲಾಗಬಹುದು. ಮಾರ್ಟಿನ್ನನ ಮತ ನಡೆದಿದ್ದರೆ ಆ ಆಯ್ಕೆ ಒಬ್ಬನದಾಗಿ, ಒಂದೇ ಸಲಕ್ಕೆ, ಶಾಶ್ವತವಾಗಿ ಮುಗಿದುಹೋಗುತ್ತಿತ್ತು. ಇಷ್ಟು ಕಾಲವೂ ಒಬ್ಬೊಬ್ಬರ ಪಟ್ಟಿ ಒಂದೊಂದು ಬಗೆಯಾಗಿರುವುದು ಸಮಗ್ರ ಕೃತಿ ಎದುರಿಗಿರುವುದರಿಂದ ಮಾತ್ರ ಸಾಧ್ಯವಾಗಿದೆ. ಮಾರ್ಟಿನ್ನನ ಪರವಾಗಿ ವಾದಿಸುವವರು ಆ ವಾದವನ್ನು ಮಾಡಬಲ್ಲವರಾದುದೂ ಅವನ ಮಾತು ನಡೆಯದೆ ಹೋದುದರಿಂದಲೇ.

7

ಏಕವಾಕ್ಯತೆಯ ಹಟಕ್ಕೆ ಒಂದು ಘೋರವಾದ ದೃಷ್ಟಾಂತವೂ ಈ ಕೃತಿಯ ಚರಿತ್ರೆಯಲ್ಲಿದೆ. ಕ್ಯಾಲಿಫೋರ್ನಿಯದ ಚಾರ್ಲ್ಸ್ ಮ್ಯಾನ್ಸನ್ ಎಂಬವನು ಈ ಹಾಡುಗಳೆಲ್ಲ ತನಗಾಗಿಯೇ ಕಳುಹಿಸಿದ ಒಂದೇ ಸಂದೇಶವೆಂದು ಅರ್ಥಮಾಡಿ, ಮಕ್ಕಳು ಜಾರುವ ಆಟದ ಗೋಪುರದ ಹೆಸರಾದ ‘ಹೆಲ್ಟರ್ ಸ್ಕೆಲ್ಟರ್’ ಎಂಬುದರಲ್ಲಿ ವರ್ಣಯುದ್ಧದ ಭವಿಷ್ಯವಾಣಿಯನ್ನು ಕಂಡನು. 1969ರ ಆಗಸ್ಟಿನಲ್ಲಿ ಅವನ ಅನುಯಾಯಿಗಳು ಲಾಸ್ ಏಂಜಲೀಸಿನಲ್ಲಿ ಕೊಲೆಗಳನ್ನು ನಡೆಸಿದರು. ಅವನ ಅಪರಾಧಕ್ಕೆ ವಿಮರ್ಶೆ ಹೊಣೆಯಲ್ಲ, ಸಂಗೀತವೂ ಹೊಣೆಯಲ್ಲ. ಆದರೆ ಬಿಡಿಯಾಗಿ ನಿಲ್ಲಬೇಕಾದುದನ್ನು ಬಲಾತ್ಕಾರದಿಂದ ಒಂದೇ ಸೂತ್ರದಲ್ಲಿ ಪೋಣಿಸುವ ಓದು ಉನ್ಮಾದಕ್ಕೂ ಒದಗಬಲ್ಲುದೆಂಬುದನ್ನು ಮರೆಯಕೂಡದು. ಹಾಡುಗಳಲ್ಲಿ ಗುಪ್ತಾರ್ಥಗಳನ್ನು ಅರಸುವವರನ್ನು ಲೆನನ್ನನು ಇದೇ ಆಲ್ಬಮಿನ ‘ಗ್ಲಾಸ್ ಆನಿಯನ್’ ಎಂಬ ಹಾಡಿನಲ್ಲಿ ಮೊದಲೇ ಪರಿಹಾಸಮಾಡಿದ್ದುದು ವಿಧಿಯ ವಿಪರ್ಯಾಸ.

2018ರಲ್ಲಿ, ಕೃತಿಗೆ ಐವತ್ತು ವರ್ಷ ತುಂಬಿದಾಗ, 1968ರ ಮೇ ತಿಂಗಳಲ್ಲಿ ಹ್ಯಾರಿಸನ್ನನ ಈಶರ್‌ನ ಮನೆಯಲ್ಲಿ ಮುದ್ರಿಸಿಕೊಂಡಿದ್ದ ಮೊದಲ ಕರಡುಗಳು ಸಂಪೂರ್ಣವಾಗಿ ಪ್ರಕಟವಾದುವು. ಅಲ್ಲಿ ಹಾಡುಗಳು ಬರಿಯ ಗಿಟಾರಿನೊಡನೆ, ಗೆಳೆಯರ ನಡುವಿನ ಸಲಿಗೆಯಲ್ಲಿ ಕೇಳಿಬರುತ್ತವೆ. ಅವನ್ನು ಕೇಳಿದವರಿಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕರಡಿನಲ್ಲಿ ಈ ಹಾಡುಗಳಿಗೆ ಸಮಾನವಾದ ಒಂದು ದನಿಯಿತ್ತು. ಒಂದೊಂದನ್ನೂ ಒಂದೊಂದು ದಿಕ್ಕಿಗೆ ಬೆಳೆಯಿಸಿ ಭಿನ್ನವಾಗಿಸಿದುದು ಆ ಮೇಲಿನ ಕೆಲಸ. ವೈವಿಧ್ಯ ಅಜಾಗರೂಕತೆಯಿಂದ ಬಂದುದಲ್ಲ, ದುಡಿದು ಪಡೆದುದು. ಕ್ರಿಸ್ಟ್‌ಗೌವಿನ ಸಮತೆಯ ಮಾತಿಗೂ ಉಳಿದವರ ಚೆದರುವಿಕೆಯ ಮಾತಿಗೂ ಇಲ್ಲಿ ಸಮನ್ವಯ ದೊರೆಯುತ್ತದೆ: ಬೇರು ಒಂದು, ಟೊಂಗೆಗಳು ಹಲವು.

ಈ ವಿಚಾರದಿಂದ ಕನ್ನಡದ ಅಧ್ಯಾಪಕರಿಗೂ ಸಂಪಾದಕರಿಗೂ ಪ್ರಯೋಜನವುಂಟು. ಸಂಗ್ರಹಗಳು ಬೇಕು; ತರಗತಿಯ ಕಾಲಮಿತಿಯಲ್ಲಿ ಅವಿಲ್ಲದೆ ಪಾಠ ಸಾಗದು. ಆದರೆ ಸಂಗ್ರಹವು ಹಟ್ಟಿಯ ಒಂದು ರಾತ್ರಿಯ ಹಾಡಿಕೆಯಂತಿರಬೇಕು, ತೀರ್ಪಿನಂತಿರಬಾರದು. ವಚನಗಳು, ಕೀರ್ತನೆಗಳು, ಜನಪದ ಗೀತಗಳು ಮೊದಲಾದ ಬಿಡಿರಚನೆಗಳ ಆಯ್ಕೆಗಳಲ್ಲಿ ಈ ಎಚ್ಚರ ಹೆಚ್ಚಾಗಿ ಬೇಕು. ಕಥಾಸೂತ್ರದ ಆಧಾರವಿಲ್ಲದ ಕಡೆ ಕತ್ತರಿಯನ್ನು ನಡೆಸುವುದು ಸಂಗ್ರಹಕಾರನ ರುಚಿಯೊಂದೇ. ಯಾವ ಯಾವ ರಚನೆಗಳನ್ನು ಬಿಡಲಾಗಿದೆಯೆಂಬುದನ್ನೂ ಅವು ಮೂಲದಲ್ಲಿ ಯಾವುದರ ಪಕ್ಕದಲ್ಲಿದ್ದುವೆಂಬುದನ್ನೂ ಸಂಗ್ರಹಕಾರನು ತಿಳಿಸಿದರೆ, ವಿದ್ಯಾರ್ಥಿಯೊಬ್ಬನು ಮುಂದೊಂದು ದಿನ ಸಮಗ್ರ ಗ್ರಂಥವನ್ನು ತೆರೆದು ತನ್ನ ಆಯ್ಕೆಯನ್ನು ತಾನೇ ಮಾಡಿಕೊಂಡಾನು. ಅವನ ಆಯ್ಕೆಯೂ ಗುರುಗಳ ಆಯ್ಕೆಯೂ ಬೇರೆಯಾದರೆ ಅದರಿಂದ ಕಾವ್ಯಕ್ಕೆ ಕುಂದಿಲ್ಲ. ಇನ್ನೂ ಓದತಕ್ಕುದು ಉಳಿದಿದೆಯೆಂಬುದಕ್ಕೆ ಅದೇ ಸಾಕ್ಷಿ.